ಜೋಸೆಫ್ ಕಾರ್ನೆಲ್ ಪೆಟ್ಟಿಗೆಗಳು: ಇದು ಶೋಕೇಸಾ, ಶಿಲ್ಪವಾ?

ಶಿಕಾಗೋ_ಶಾರದೆ:
ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಇಲ್ಲಿ ಬಿಡದೆ ಮಳೆ. ಮಗಳನ್ನು ಕರೆದುಕೊಂಡು ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಹೋದೆವು. ಅಲ್ಲಿ ಜೋಸೆಫ್ ಕಾರ್ನೆಲ್ ಅನ್ನುವವರ ಪೆಟ್ಟಿಗೆಗಳಿವೆ. ಮರದ ಪೆಟ್ಟಿಗೆ, ಮುಂದೆ ಗಾಜು. ಒಳಗೆ ಕತ್ತರಿಸಿ ಅಂಟಿಸಿದ ಹಕ್ಕಿ ಚಿತ್ರ, ಮಣ್ಣಿನ ಚಿಲುಮೆ, ಪುಟಾಣಿ ಗಾಜಿನ ಲೋಟ, ಹಳೇ ನಕ್ಷೆ, ಒಂದು ಚೆಂಡು. ಅಷ್ಟೇ. ನಮ್ಮ ಯಜಮಾನರು ಒಂದು ನಿಮಿಷ ನೋಡಿ, "ಇದು ನಮ್ಮ ಅಜ್ಜಿ ಮನೆ ಶೋಕೇಸು, ಧೂಳು ಮಾತ್ರ ಕಮ್ಮಿ" ಅಂದು ಕಾಫಿ ಹುಡುಕಿಕೊಂಡು ಹೋದರು.

ನಾನು ಮಾತ್ರ ಅಲ್ಲೇ ಮುಕ್ಕಾಲು ಗಂಟೆ ನಿಂತೆ. ಯಾಕೆ ಅಂತ ನನಗೇ ಗೊತ್ತಾಗಲಿಲ್ಲ. ಮನೆಗೆ ಬಂದು ಓದಿದರೆ, ಈತನಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲವಂತೆ. ಕಲಾಶಾಲೆಗೆ ಹೋಗಿಲ್ಲ. ಕಲ್ಲು ಕೆತ್ತಿಲ್ಲ, ಮಣ್ಣು ಮುಟ್ಟಿಲ್ಲ. ಮತ್ತೆ ಇವರನ್ನು ಶಿಲ್ಪಿ ಅನ್ನುವುದು ಹೇಗೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಗಂಡನ ಮುಂದೆ ಗೆಲ್ಲಬೇಕು, ಅದೂ ಒಂದು ಕಾರಣ.

ಬಸ್ಸಲ್ಲಿ_ಬಸವ:
ಯೂನಿವರ್ಸಿಟಿ ಕಟ್ಟಿಸಿದ ಕಾರ್ನೆಲ್ ಇವರೇನಾ?

ಕುಂಚದಕಟ್ಟೆ:
ಅಲ್ಲ. ಅದು ಎಜ್ರಾ ಕಾರ್ನೆಲ್, 19ನೇ ಶತಮಾನದವರು. ನಮ್ಮ ಜೋಸೆಫ್ ಕಾಲೇಜು ಮೆಟ್ಟಿಲೂ ಹತ್ತಿಲ್ಲ. ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಒಂದು ದೊಡ್ಡ ಬೋರ್ಡಿಂಗ್ ಶಾಲೆಯಲ್ಲಿದ್ದರು. 1921ರಲ್ಲಿ ಸರ್ಟಿಫಿಕೇಟು ಇಲ್ಲದೆಯೇ ಹೊರಗೆ ಬಂದರು.

ಶಾರದಾ ಅವರೇ, ನಿಮ್ಮ ಪ್ರಶ್ನೆಗೆ ಬರೋಣ. ಸಿಕ್ಕಿದ ವಸ್ತುಗಳನ್ನೇ ಜೋಡಿಸಿ ಮಾಡುವ ಕೆಲಸಕ್ಕೆ ಅಸೆಂಬ್ಲಾಜ್ ಅಂತಾರೆ. ಈ ಹೆಸರು ಚಾಲ್ತಿಗೆ ಬಂದದ್ದು ಫ್ರಾನ್ಸಿನ ಕಲಾವಿದ ದ್ಯುಬಫೆಯಿಂದ, 1950ರ ದಶಕದಲ್ಲಿ. 1961ರಲ್ಲಿ ನ್ಯೂಯಾರ್ಕಿನ ಮೋಮಾ (ಆಧುನಿಕ ಕಲೆಯ ಮ್ಯೂಸಿಯಂ) ಇದೇ ಹೆಸರಲ್ಲಿ ದೊಡ್ಡ ಪ್ರದರ್ಶನ ಮಾಡಿತು. ಕಾರ್ನೆಲ್ ಪೆಟ್ಟಿಗೆಗಳೂ ಅದರಲ್ಲಿದ್ದವು. ತಮಾಷೆ ಅಂದರೆ, ಹೆಸರು ಹುಟ್ಟುವ ಹೊತ್ತಿಗೆ ಈ ಮನುಷ್ಯ ಸುಮಾರು 20 ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದರು. ಮೊದಲು ಮಗು, ಆಮೇಲೆ ನಾಮಕರಣ.

ಶುರುವಾದದ್ದು ಹೀಗೆ. 1931. ಆಗ ಕಾರ್ನೆಲ್‌ಗೆ 27 ವರ್ಷ. ಮ್ಯಾನ್‌ಹ್ಯಾಟನ್‌ನಲ್ಲಿ ಬಟ್ಟೆ ಸಗಟು ಕಂಪನಿಯ ಸೇಲ್ಸ್‌ಮನ್. ಸ್ಯಾಂಪಲ್ ಚೀಲ ಹಿಡಿದು ಅಂಗಡಿ ಅಂಗಡಿ ತಿರುಗುವ ಕೆಲಸ. ಮಧ್ಯೆ ಸಮಯ ಸಿಕ್ಕಾಗ ಹಳೇ ಪುಸ್ತಕದ ಅಂಗಡಿ, ಮ್ಯೂಸಿಯಂ, ಗ್ಯಾಲರಿ ಸುತ್ತುವುದು. ಆ ವರ್ಷ ಮ್ಯಾಡಿಸನ್ ಅವೆನ್ಯೂದಲ್ಲಿ ಜೂಲಿಯನ್ ಲೆವಿ ಹೊಸದಾಗಿ ಗ್ಯಾಲರಿ ತೆರೆದಿದ್ದರು. ಅಲ್ಲಿ ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್ ಮಾಡಿದ ಕೊಲಾಜ್‌ಗಳನ್ನು ನೋಡಿದರು. ಹಳೇ ಕೆತ್ತನೆ ಚಿತ್ರಗಳನ್ನು ಕತ್ತರಿಸಿ ಬೇರೆ ರೀತಿ ಅಂಟಿಸಿದ್ದವು. ಇದಕ್ಕೆ ಕೈಯಲ್ಲಿ ಬ್ರಷ್ ಹಿಡಿಯಬೇಕಿಲ್ಲ, ಕತ್ತರಿ, ಗೋಂದು ಸಾಕು ಅಂತ ಹೊಳೆಯಿತು. ಮನೆಗೆ ಹೋಗಿ ತಾವೇ ಕೆಲವು ಮಾಡಿ ತಂದು ಲೆವಿಗೆ ತೋರಿಸಿದರು. 1932ರ ಜನವರಿಯ ಪ್ರದರ್ಶನದಲ್ಲಿ ಅವುಗಳಿಗೆ ಜಾಗ ಸಿಕ್ಕಿತು. ಆಮಂತ್ರಣದ ಚಿತ್ರವನ್ನೂ ಇವರಿಂದಲೇ ಮಾಡಿಸಿದರು.

ಸುಮ್ನೆ_ಕೇಳ್ದೆ:
ಅಂದರೆ ಅರ್ನ್‌ಸ್ಟ್ ಕೆಲಸ ನೋಡಿ ಕಾಪಿ ಹೊಡೆದರು. ಅದನ್ನು ನೇರವಾಗಿ ಹೇಳಬಹುದಿತ್ತಲ್ಲ ಸರ್.

ಕುಂಚದಕಟ್ಟೆ:
ಮೊದಲ ಕೊಲಾಜ್‌ಗಳಲ್ಲಿ ಅರ್ನ್‌ಸ್ಟ್ ನೆರಳು ಖಂಡಿತ ಇದೆ. ಒಪ್ಪುತ್ತೇನೆ. ಆದರೆ 1936ರ 'ಸೋಪ್ ಬಬಲ್ ಸೆಟ್' ಹೊತ್ತಿಗೆ ದಾರಿ ಬೇರೆಯಾಗಿತ್ತು. ಅದರಲ್ಲಿ ಚಂದ್ರನ ನಕ್ಷೆ, ಒಂದು ಗ್ಲಾಸಿನಲ್ಲಿ ಮೊಟ್ಟೆ, ಮಣ್ಣಿನ ಚಿಲುಮೆ, ಗೊಂಬೆಯ ತಲೆ ಇವೆ. ಮಕ್ಕಳು ಸೋಪಿನ ಗುಳ್ಳೆ ಊದುವ ಚಿಲುಮೆಯನ್ನು ಚಂದ್ರನ ಪಕ್ಕ ಇಟ್ಟರೆ, ಗುಳ್ಳೆಯೇ ಗ್ರಹ ಆಗಿಬಿಡುತ್ತದೆ. ಅರ್ನ್‌ಸ್ಟ್ ಕೆಲಸದಲ್ಲಿ ಒಂದು ಭಯ ಇದೆ, ಕ್ರೌರ್ಯ ಇದೆ. ಇಲ್ಲಿ ಅದು ಇಲ್ಲ. ಕನಸು, ಸುಪ್ತಮನಸ್ಸು ಅನ್ನುವ, ಅರ್ನ್‌ಸ್ಟ್ ಸೇರಿದ್ದ ಸರ್ರಿಯಲಿಸ್ಟ್ ಗುಂಪಿನ ಸಿದ್ಧಾಂತ ನನ್ನದಲ್ಲ ಅಂತ ಕಾರ್ನೆಲ್ ಆ ವರ್ಷವೇ ಮೋಮಾದವರಿಗೆ ಕಾಗದ ಬರೆದು ಹೇಳಿದ್ದರು.

ಬಡಗಿಮನೆ:
ನಾನು ಕಲೆ ಓದಿದವನಲ್ಲ. ಮರದ ಕೆಲಸ ಗೊತ್ತು. ನಾಲ್ಕು ವರ್ಷದ ಹಿಂದೆ ವಾಷಿಂಗ್ಟನ್‌ನಲ್ಲಿ ಇವರ ಪೆಟ್ಟಿಗೆಗಳನ್ನು ನೋಡಿದ್ದೇನೆ. ಎಲ್ಲರೂ ಒಳಗಿನ ಹಕ್ಕಿ ನೋಡುತ್ತಿದ್ದರು. ನಾನು ಮೂಲೆ ನೋಡುತ್ತಿದ್ದೆ.

ಮೊದಮೊದಲು ಅವರು ಅಂಗಡಿಯಲ್ಲಿ ಸಿಕ್ಕಿದ ಸಿದ್ಧ ಪೆಟ್ಟಿಗೆಗಳನ್ನೇ ಬಳಸುತ್ತಿದ್ದರು. 1930ರ ದಶಕದ ನಡುವಲ್ಲಿ ನೆರೆಮನೆಯವರೊಬ್ಬರ ಹತ್ತಿರ ಮರದ ಕೆಲಸ ಕಲಿತರು. ಮೂಲೆಯನ್ನು ಓರೆಯಾಗಿ ಕುಯ್ದು ಕೂಡಿಸುವುದು, ಗಾಜು ಕೂರಲು ಮರದಲ್ಲಿ ಸಣ್ಣ ಕಾಲುವೆ ಕೊರೆಯುವುದು, ಇದೆಲ್ಲ ದೊಡ್ಡವರಾದ ಮೇಲೆ ಕಲಿತದ್ದು. ಕೆಲಸ ಅಷ್ಟು ನಾಜೂಕಲ್ಲ, ಇದನ್ನು ನಾನು ಬಿಡದೆ ಹೇಳುತ್ತೇನೆ. ಕೆಲವು ಕಡೆ ಸಂದು ಬಿಟ್ಟಿದೆ. ಆದರೆ ಹೊಸ ಮರವನ್ನು ಹಳೇದು ಮಾಡುವುದರಲ್ಲಿ ಆಸಾಮಿ ಪಂಟರು. ಬಣ್ಣದ ಮೇಲೆ ಬಣ್ಣ ಹಚ್ಚುವುದು, ಹೊರಗೆ ಬಿಸಿಲು ಮಳೆಗೆ ಬಿಡುವುದು, ಸಾಲದು ಅಂತ ಅಡುಗೆಮನೆಯ ಓವನ್‌ನಲ್ಲಿ ಇಟ್ಟು ಬೇಯಿಸುವುದು. ಬಣ್ಣ ಸಿಗಿದು, ಬಿರುಕು ಬಿಟ್ಟು, ನೂರು ವರ್ಷದ ಪೆಟ್ಟಿಗೆ ಥರ ಕಾಣಬೇಕು.

ನಮ್ಮ ಹತ್ತಿರ ಈಗ ಗಿರಾಕಿಗಳು "ಆಂಟಿಕ್ ಫಿನಿಶ್ ಕೊಡಿ" ಅಂತಾರಲ್ಲ, ಅದನ್ನು ಅವರು ಆಗಲೇ ಮಾಡಿದ್ದರು.

ಅಟ್ಟದ_ಇಲಿ:
ಓವನ್‌ನಲ್ಲಿ ಪೆಟ್ಟಿಗೆ! ಅವರಮ್ಮ ಏನಂದರೋ. ನಾನು ಮಿಕ್ಸಿಯಲ್ಲಿ ಪೇಪರ್ ರುಬ್ಬಿದ್ದಕ್ಕೇ ನಮ್ಮಮ್ಮ ಒಂದು ತಿಂಗಳು ಮಾತಾಡಿರಲಿಲ್ಲ.

ಸುಮ್ನೆ_ಕೇಳ್ದೆ:
ಹೊಸದನ್ನು ಹಳೇದು ಅಂತ ತೋರಿಸುವುದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ. ಮೋಸ. ಅಮೆರಿಕದಲ್ಲಿ ಮಾಡಿದರೆ ಕಲೆ. ನಮ್ಮ ಬೀದಿ ಕೊನೆಯ ಗುಜರಿಯವನೂ ಅಂಗಡಿ ಮುಂದೆ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟಿರುತ್ತಾನೆ. ಅವನನ್ನೂ ಮ್ಯೂಸಿಯಂಗೆ ಕರೆಸಿ.

ಬಡಗಿಮನೆ:
ಹಳೇದು ಅಂತ ಹೇಳಿ ಮಾರಿದರೆ ಮೋಸ ಸ್ವಾಮಿ. ಇವರು ಮಾರಲಿಕ್ಕೇ ಸುಲಭಕ್ಕೆ ಒಪ್ಪುತ್ತಿರಲಿಲ್ಲ, ಅದು ಬೇರೆ ಕತೆ. ಗುಜರಿಯವನು ತೂಕಕ್ಕೆ ಜೋಡಿಸುತ್ತಾನೆ. ಇವರು ಒಂದು ಗೋಲಿ ಎಲ್ಲಿರಬೇಕು ಅನ್ನುವುದಕ್ಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಕೆಲವು ಪೆಟ್ಟಿಗೆಗಳನ್ನು ಶುರು ಮಾಡಿ ಮುಗಿಸಲು ಹತ್ತು ವರ್ಷ ಹಿಡಿದಿದೆ.

ಹುಬ್ಬಳ್ಳಿ_ಅಕ್ಕ:
ನೀವೆಲ್ಲ ಪೆಟ್ಟಿಗೆ ಪೆಟ್ಟಿಗೆ ಅನ್ನುತ್ತಿದ್ದೀರಿ. ನನಗೆ ಈ ಮನುಷ್ಯನ ಪರಿಚಯ ಆದದ್ದು ಬೇರೆ ಬಾಗಿಲಿನಿಂದ. ಅವರ ತಮ್ಮನಿಂದ.

ಜೋಸೆಫ್ ಹುಟ್ಟಿದ್ದು 1903ರ ಡಿಸೆಂಬರ್ 24, ನ್ಯೂಯಾರ್ಕ್ ರಾಜ್ಯದ ನಯಾಕ್ ಊರಲ್ಲಿ. ನಾಲ್ಕು ಮಕ್ಕಳಲ್ಲಿ ಹಿರಿಯ. ಮಧ್ಯೆ ಇಬ್ಬರು ತಂಗಿಯರು. ಕೊನೆಯವನು ರಾಬರ್ಟ್, 1910ರಲ್ಲಿ ಹುಟ್ಟಿದ. ಅವನಿಗೆ ಸೆರೆಬ್ರಲ್ ಪಾಲ್ಸಿ. ನಡೆಯಲು ಆಗುತ್ತಿರಲಿಲ್ಲ, ಮಾತೂ ಕಷ್ಟ. 1917ರಲ್ಲಿ ತಂದೆ ತೀರಿಕೊಂಡರು. ತಂದೆಯದು ಬಟ್ಟೆ ವ್ಯಾಪಾರದ ಒಳ್ಳೆ ಕೆಲಸ, ದೊಡ್ಡ ಮನೆ ಎಲ್ಲ ಇತ್ತು. ಹೋದ ಮೇಲೆ ಉಳಿದದ್ದು ಸಾಲ. ಶಾಲೆ ಬಿಟ್ಟ ಮೇಲೆ ಜೋಸೆಫ್ ಮನೆಗೆ ದುಡಿಯುವ ಮಗ. 1929ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಕಡೆ, ಫ್ಲಷಿಂಗ್‌ನಲ್ಲಿ ಒಂದು ಚಿಕ್ಕ ಮರದ ಮನೆಗೆ ಬಂದರು. ತಾಯಿ, ತಮ್ಮ, ಇವರು. ಸಾಯುವ ತನಕ ಅದೇ ಮನೆ. ಮದುವೆ ಇಲ್ಲ.

ಹಗಲು ಕೆಲಸ. ಸಂಜೆ ಬಂದು ತಮ್ಮನ ಊಟ, ಸ್ನಾನ, ಅವನ ಆಟಿಕೆ ರೈಲು ಓಡಿಸುವುದು. ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ಪೆಟ್ಟಿಗೆ ಕೆಲಸ. ಕೊನೆಗೆ ನೆಲಮಾಳಿಗೆ ಸಿಕ್ಕಿತು.

ನಮ್ಮ ಮನೆಯಲ್ಲೂ ಇಂಥದ್ದೇ. ತಂಗಿಗೆ 41. ನಾನೇ ನೋಡಿಕೊಳ್ಳುವುದು. ರಾತ್ರಿ ಹತ್ತೂವರೆಗೆ ಅವಳು ಮಲಗಿದ ಮೇಲೆ ನನಗೆ ಸಿಗುವುದು ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿ ದೊಡ್ಡದೇನೂ ಮಾಡಲಿಕ್ಕಾಗಲ್ಲ. ಎತ್ತಿ ಇಡುವಷ್ಟು ಚಿಕ್ಕದು, ಮಧ್ಯೆ ಕರೆದರೆ ಬಿಟ್ಟು ಏಳಬಹುದಾದದ್ದು, ನಾಳೆ ಬಂದರೆ ಅಲ್ಲೇ ಕಾದಿರುವಂಥದ್ದು. ನಾನು ಕೌದಿ ಹೊಲಿಯುತ್ತೇನೆ. ಅವರು ಪೆಟ್ಟಿಗೆ ಮಾಡಿದರು. ಯಾಕೆ ಅಷ್ಟು ಚಿಕ್ಕ ಪೆಟ್ಟಿಗೆ ಅಂತ ವಿಮರ್ಶಕರು ಏನೇನೋ ಬರೆದಿದ್ದಾರೆ. ನನಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಶಿಕಾಗೋ_ಶಾರದೆ:
ಅಕ್ಕ, ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಮುಕ್ಕಾಲು ಗಂಟೆ ಯಾಕೆ ನಿಂತೆ ಅಂತ ಈಗ ಸ್ವಲ್ಪ ಗೊತ್ತಾಗುತ್ತಿದೆ. ನಿಮ್ಮ ಕೌದಿ ಫೋಟೋ ಹಾಕಿ, ಪ್ಲೀಸ್.

ಕಡಲತಡಿ:
ಅಕ್ಕ ಹೇಳಿದ್ದು ಸರಿ. ಆದರೆ ಇಲ್ಲಿಂದ ಚರ್ಚೆ "ಪಾಪ, ಒಂಟಿ ಸಂತ" ಅನ್ನುವ ಕಡೆ ಜಾರುವ ಮುಂಚೆ ಒಂದು ಮಾತು ಮಾರಾಯ್ರೆ. ಅವರು ಒಂಟಿ ಅಲ್ಲವೇ ಅಲ್ಲ. ಲೆವಿ ಗ್ಯಾಲರಿಯಲ್ಲಿ 1932ರಿಂದ ಇದ್ದಾರೆ. 1936ರಲ್ಲಿ ಮೋಮಾದ ದೊಡ್ಡ ಪ್ರದರ್ಶನದಲ್ಲಿ ಇದ್ದಾರೆ. 1938ರಲ್ಲಿ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಮ್ಯೂಸಿಯಂ ಅವರ ಕೃತಿ ಕೊಂಡಿದೆ. ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂಪ್ ತನ್ನ ಕೃತಿಗಳ ಚಿಕ್ಕ ಪ್ರತಿಗಳನ್ನು ಸೂಟ್‌ಕೇಸಲ್ಲಿ ಇಟ್ಟು ಮಾಡಿದರಲ್ಲ, 1940ರ ದಶಕದಲ್ಲಿ ಅದನ್ನು ಜೋಡಿಸಲು ಸಹಾಯ ಮಾಡಿದ್ದು ಇದೇ ಕಾರ್ನೆಲ್. ಪತ್ರಿಕೆಗಳಿಗೆ ಮುಖಪುಟ ಮಾಡಿದರು. ಬ್ಯಾಲೆ ತಾರೆಯರು, ಕವಿಗಳು, ಸಿನಿಮಾದವರು ಅವರ ಮನೆಗೆ ಹೋಗಿ ಬಂದಿದ್ದಾರೆ. ಮ್ಯಾನ್‌ಹ್ಯಾಟನ್ ಒಂದು ರೈಲಿನ ದೂರ. ವಾರಕ್ಕೆ ಎಷ್ಟು ಸಲ ಹೋಗುತ್ತಿದ್ದರೋ.

ಪ್ರಪಂಚ ಬಿಟ್ಟು ಕೂತವರು ಹೀಗಿರುವುದುಂಟಾ? ನಾಚಿಕೆ ಸ್ವಭಾವ ಬೇರೆ, ಸನ್ಯಾಸ ಬೇರೆ.

ಹುಬ್ಬಳ್ಳಿ_ಅಕ್ಕ:
ನಾನು ಸಂತ ಅಂತ ಎಲ್ಲಿ ಅಂದೆ ತಮ್ಮ? ತಮ್ಮನ ಸ್ನಾನ ಮಾಡಿಸುತ್ತಿದ್ದರು ಅಂದೆ.

ಕಡಲತಡಿ:
ಅಯ್ಯೋ ನಿಮಗಲ್ಲ ಅಕ್ಕ, ಮುಂದೆ ಬರುವವರಿಗೆ.

ಅಟ್ಟದ_ಇಲಿ:
ಫ್ಲಷಿಂಗ್ ಮನೆಯ ವಿಳಾಸ ಗೊತ್ತಾ? 3708, ಉಟೋಪಿಯಾ ಪಾರ್ಕ್‌ವೇ! ನಿಜವಾದ ರಸ್ತೆ ಹೆಸರು. 1900ರ ದಶಕದ ಆರಂಭದಲ್ಲಿ ಉಟೋಪಿಯಾ ಅನ್ನುವ ಕಂಪನಿ ಅಲ್ಲಿ ಜಮೀನು ಕೊಂಡಿತ್ತು. ಮ್ಯಾನ್‌ಹ್ಯಾಟನ್‌ನ ಇಕ್ಕಟ್ಟು ವಠಾರಗಳಲ್ಲಿದ್ದ ಯಹೂದಿ ಕುಟುಂಬಗಳಿಗೆ ಊರು ಕಟ್ಟುವ ಯೋಜನೆ. ದುಡ್ಡು ಸಾಲದೆ ಊರು ಏಳಲೇ ಇಲ್ಲ. ಹೆಸರು ಮಾತ್ರ ಉಳಿಯಿತು.

ಬಸ್ಸಲ್ಲಿ_ಬಸವ:
ನಮ್ಮ ಲೇಔಟ್ ಕತೆನೂ ಇದೇ ಗುರು. ಹೆಸರು ನಂದನವನ. ಒಂದು ಮರ ಇಲ್ಲ.

ಮೈಸೂರ್_ಮೇಷ್ಟ್ರು:
ತಾಯಿಯ ವಿಷಯ ಯಾರೂ ಎತ್ತಲಿಲ್ಲ. ನಾನು ಓದಿದ ಮಟ್ಟಿಗೆ ಈ ಕತೆಯ ಖಳನಾಯಕಿ ಆಕೆ. ಮಗನಿಗೆ ಮದುವೆ ಆಗಲು ಬಿಡಲಿಲ್ಲ, ಸೆರಗಲ್ಲಿ ಕಟ್ಟಿಕೊಂಡರು. ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. 1960ರ ದಶಕದಲ್ಲಿ ಕಾರ್ನೆಲ್ ಜತೆ ಸ್ನೇಹ ಇತ್ತು. ಒಂದು ದಿನ ಇಬ್ಬರೂ ಅಂಗಳದಲ್ಲಿ ಕೂತಿದ್ದಾಗ ಅವರಮ್ಮ ಬಂದು ಬಕೆಟ್ ನೀರು ಸುರಿದರಂತೆ! ಕಾರ್ನೆಲ್‌ಗೆ ಆಗ 60ರ ಹತ್ತಿರ ವಯಸ್ಸು.

ಗಿರಿಜಾ_ಎಂ:
ಮೇಷ್ಟ್ರೇ, ಯಾವ ಗಂಡಸಿನ ಕತೆ ಹೇಳಿದರೂ ಕೊನೆಗೆ ತಪ್ಪು ಅವರಮ್ಮನದೇ ಆಗುವುದು ಹೇಗೆ? ಗಂಡ ಸತ್ತು ಸಾಲ ಬಿಟ್ಟು ಹೋದ. ನಾಲ್ಕು ಮಕ್ಕಳು, ಒಬ್ಬನಿಗೆ ನಡೆಯಲು ಬರಲ್ಲ. ಮನೆ ತೂಗಿಸಿದ್ದು ಯಾರು? ಅಡುಗೆಮನೆ, ಗ್ಯಾರೇಜು, ನೆಲಮಾಳಿಗೆ ಎಲ್ಲ ಕಡೆ ಮಗನ ಪೇಪರ್ ಕಟ್ಟು, ಗೋಲಿ, ಗಾಜು. ಊಟದ ಮೇಜಿನ ಮೇಲೆ ಪೇಂಟು. ಓವನ್‌ನಲ್ಲಿ ಪೆಟ್ಟಿಗೆ. ಮೂವತ್ತು ವರ್ಷ ಸಹಿಸಿಕೊಂಡ ಹೆಂಗಸು ಒಂದು ಬಕೆಟ್ ನೀರು ಸುರಿದದ್ದು ಮಾತ್ರ ಚರಿತ್ರೆಯಲ್ಲಿ ಉಳಿಯಿತು.

ಮೈಸೂರ್_ಮೇಷ್ಟ್ರು:
ಸರಿ ಮೇಡಂ, ಖಳನಾಯಕಿ ಅನ್ನುವುದನ್ನು ವಾಪಸ್ ತಗೊಂಡೆ. ಬಕೆಟ್ ಇರಲಿ.

ಸುಮ್ನೆ_ಕೇಳ್ದೆ:
ಈ ಕುಸಾಮಾ ವಿಷಯ ಬಂದದ್ದೇ ಒಳ್ಳೆಯದಾಯಿತು. ನಾನು ಸ್ವಲ್ಪ ಹುಡುಕಿದೆ. ಸಿನಿಮಾ ನಟಿಯರ ಫೋಟೋ ಕೂಡಿಡುವುದು, ಬ್ಯಾಲೆ ನರ್ತಕಿಯರಿಗೆ ಪೆಟ್ಟಿಗೆ ಮಾಡಿ ಕೊಡುವುದು, ಟಿಕೆಟ್ ಕೌಂಟರಿನ ಹುಡುಗಿ, ಹೋಟೆಲಿನ ಹುಡುಗಿ ಅಂತ ಹಿಂದೆ ಬೀಳುವುದು. ಈಗ ಮಾಡಿದ್ದರೆ ಕಂಪ್ಲೇಂಟ್ ಆಗುತ್ತಿತ್ತು. ಇದನ್ನು "ಸೂಕ್ಷ್ಮ ಮನಸ್ಸು" ಅನ್ನುತ್ತೀರಾ?

ಗಿರಿಜಾ_ಎಂ:
ಈ ಒಂದು ವಿಷಯದಲ್ಲಿ ನಿಮ್ಮ ಪ್ರಶ್ನೆಗೆ ತೂಕ ಇದೆ. ಅವರ ಪೆಟ್ಟಿಗೆಗಳಲ್ಲಿ ಹೆಂಗಸರು ಯಾವಾಗಲೂ ಗಾಜಿನ ಆಚೆ. 1940ರ ದಶಕದಲ್ಲಿ ಹಾಲಿವುಡ್ ನಟಿ ಲಾರೆನ್ ಬಕಾಲ್ ಮೇಲೆ ಒಂದು ಪೆಟ್ಟಿಗೆ ಮಾಡಿದರು. ಹಳೇ ಕಾಲದ ಕಾಸು ಹಾಕುವ ಆಟದ ಯಂತ್ರದ ಥರ. ಚೆಂಡು ಮೇಲಿಂದ ಉರುಳಿಕೊಂಡು ಆಕೆಯ ಫೋಟೋಗಳ ಹಿಂದೆ ಹಾದು ಕೆಳಗೆ ಬರುತ್ತದೆ. ಸುಂದರವಾಗಿದೆ, ನಿಜ. ಆದರೆ ಆಕೆ ಅಲ್ಲಿ ಬೊಂಬೆ. ದೂರದಿಂದ ಪೂಜೆ ಮಾಡುವುದು ಸುಲಭ, ಎದುರಿಗೆ ಬಂದು ಮಾತಾಡುವ ಹೆಂಗಸನ್ನು ನಿಭಾಯಿಸುವುದು ಕಷ್ಟ.

ಕಡಲತಡಿ:
ಅರ್ಧ ಒಪ್ಪಿದೆ. ಆದರೆ ತಮಾರಾ ತುಮಾನೋವಾ ಅನ್ನುವ ನರ್ತಕಿ ತನ್ನ ನಾಟ್ಯದ ಉಡುಪಿನ ಚೂರುಗಳನ್ನು ತಾನೇ ಇವರಿಗೆ ಕೊಡುತ್ತಿದ್ದರು. ಆಕೆಗೆ ಇದು ಕಿರಿಕಿರಿ ಆಗಿದ್ದರೆ ಕೊಡುತ್ತಿದ್ದರಾ? ಇನ್ನು ಹೋಟೆಲಿನ ಹುಡುಗಿಯ ವಿಷಯ. ಆಕೆ 1964ರಲ್ಲಿ ಇವರ ಮನೆಯಿಂದ ಕೆಲವು ಪೆಟ್ಟಿಗೆ ಕದ್ದಳು. ಪೊಲೀಸರು ಹಿಡಿದರು. ಇವರು ಕೇಸು ಬೇಡ ಅಂದರು. ಆ ವರ್ಷದ ಕೊನೆಗೆ ಯಾರೋ ಆಕೆಯನ್ನು ಕೊಲೆ ಮಾಡಿದರು. ಇವರು ತುಂಬಾ ಕುಸಿದುಹೋದರು. ಮುಂದಿನ ವರ್ಷ 1965ರಲ್ಲಿ ತಮ್ಮ ರಾಬರ್ಟ್ ಹೋದ, 1966ರಲ್ಲಿ ತಾಯಿ. ಎರಡು ವರ್ಷದಲ್ಲಿ ಮನೆ ಖಾಲಿ.

ಗಿರಿಜಾ_ಎಂ:
ಕದ್ದವಳನ್ನು ಬಿಟ್ಟುಕೊಟ್ಟದ್ದು ದೊಡ್ಡಗುಣ. ಗಾಜಿನ ಮಾತು ಹಾಗೇ ಇರಲಿ.

ಹುಬ್ಬಳ್ಳಿ_ಅಕ್ಕ:
ರಾಬರ್ಟ್ ಚಿತ್ರ ಬರೆಯುತ್ತಿದ್ದ, ಗೊತ್ತಾ ನಿಮಗೆ? ಕೈ ನಡುಗಿದರೂ ಬರೆಯುತ್ತಿದ್ದ. ಇಲಿ, ಮೊಲ, ರೈಲು. ಅವನು ಹೋದ ಮೇಲೆ ಅಣ್ಣ ಆ ಚಿತ್ರಗಳನ್ನು ಇಟ್ಟುಕೊಂಡು ಕೊಲಾಜ್ ಮಾಡಿದರು. 1966ರಲ್ಲಿ ಮ್ಯಾನ್‌ಹ್ಯಾಟನ್‌ನ ಒಂದು ಗ್ಯಾಲರಿಯಲ್ಲಿ ಪ್ರದರ್ಶನ. ಹೆಸರು ರಾಬರ್ಟ್ ಕಾರ್ನೆಲ್ ಸ್ಮರಣೆ ಅಂತ. ಪ್ರದರ್ಶನದ ಹೆಸರಲ್ಲಿ ತಮ್ಮ ಮುಂದೆ, ಅಣ್ಣ ಹಿಂದೆ.

ಅಟ್ಟದ_ಇಲಿ:
ಇಲಿ ಬರೆಯುತ್ತಿದ್ದನಾ! ನನ್ನ ಹೆಸರಿಗೆ ಇವತ್ತು ಒಂದು ಬೆಲೆ ಬಂತು.

ಟೂರಿಂಗ್_ಟಾಕೀಸು:
ಸಿನಿಮಾ ವಿಷಯ ಯಾರೂ ಹೇಳದಿರುವುದು ನೋಡಿ ಬೇಜಾರಾಯಿತು. ಕಾರ್ನೆಲ್ ಸಿನಿಮಾವನ್ನೂ ಗುಜರಿಯಿಂದಲೇ ಮಾಡಿದವರು. 1931ರಲ್ಲಿ 'ಈಸ್ಟ್ ಆಫ್ ಬೋರ್ನಿಯೋ' ಅಂತ ಒಂದು ಕಾಡಿನ ಚಿತ್ರ ಬಂದಿತ್ತು. ರೋಸ್ ಹೋಬಾರ್ಟ್ ನಾಯಕಿ. ಮಾಮೂಲಿ ಚಿತ್ರ. ಕಾರ್ನೆಲ್ ಅದರ ಪ್ರಿಂಟ್ ಕೊಂಡು, ಕತೆಯನ್ನೆಲ್ಲ ಕಿತ್ತು ಬಿಸಾಕಿ, ನಾಯಕಿ ತಿರುಗಿ ನೋಡುವುದು, ಬಾಗಿಲ ಬಳಿ ನಿಲ್ಲುವುದು, ಇಂಥ ತುಣುಕುಗಳನ್ನು ಹಿಂದೆ ಮುಂದೆ ಜೋಡಿಸಿದರು. ಸುಮಾರು 19 ನಿಮಿಷ. ಮಾತು ತೆಗೆದರು. ನೀಲಿ ಗಾಜಿನ ಮೂಲಕ, ಮೂಕಿ ಚಿತ್ರದ ವೇಗಕ್ಕೆ ಇಳಿಸಿ ತೋರಿಸಿದರು. ಹಿಂದೆ ಗ್ರಾಮಫೋನಲ್ಲಿ ಬ್ರೆಜಿಲ್ ಸಂಗೀತ. ಚಿತ್ರದ ಹೆಸರೂ ನಾಯಕಿಯದೇ, 'ರೋಸ್ ಹೋಬಾರ್ಟ್'.

1936ರ ಡಿಸೆಂಬರ್, ಲೆವಿ ಗ್ಯಾಲರಿ. ನೋಡುವವರಲ್ಲಿ ಸ್ಪೇನಿನ ಹೆಸರಾಂತ ಚಿತ್ರಕಾರ ಸಾಲ್ವಡಾರ್ ಡಾಲಿ. ಮಧ್ಯದಲ್ಲೇ ಡಾಲಿ ಎದ್ದು ಪ್ರೊಜೆಕ್ಟರ್ ಉರುಳಿಸಿಬಿಟ್ಟರು. ಯಾಕಂತೆ? ಇಂಥ ಸಿನಿಮಾ ಮಾಡುವ ಯೋಚನೆ ತನ್ನದೇ ತಲೆಯಲ್ಲಿತ್ತಂತೆ. ಬರೆದಿಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಆದರೂ ಇವನು ಕದ್ದ!

ಆಮೇಲೆ ತುಂಬಾ ವರ್ಷ ಕಾರ್ನೆಲ್ ತಮ್ಮ ಸಿನಿಮಾಗಳನ್ನು ಹೊರಗೆ ತೋರಿಸಲು ಹಿಂಜರಿದರು.

ಬಸ್ಸಲ್ಲಿ_ಬಸವ:
ನಾನೂ ಈ ಕಾಮೆಂಟ್ ಬರೆಯಬೇಕು ಅಂದುಕೊಂಡಿದ್ದೆ. ಟೂರಿಂಗ್ ಅಣ್ಣ ಕದ್ದರು.

ಸುಮ್ನೆ_ಕೇಳ್ದೆ:
😀 ಇದಕ್ಕೆ ಮಾತ್ರ ನಗು ಬಂತು. ಒಂದು ವಿಷಯ ಹೇಳಿ. ಇಷ್ಟೆಲ್ಲ ಪ್ಯಾರಿಸ್, ಇಟಲಿ, ಹೋಟೆಲು ಅಂತ ಪೆಟ್ಟಿಗೆ ತುಂಬಿಸಿದ್ದಾರಲ್ಲ, ಎಷ್ಟು ಸಲ ಯೂರೋಪಿಗೆ ಹೋಗಿದ್ದರು? ಸೇಲ್ಸ್‌ಮನ್‌ಗೆ ಆ ಕಾಲದಲ್ಲಿ ಹಡಗಿನ ದುಡ್ಡು ಎಲ್ಲಿಂದ?

ಕುಂಚದಕಟ್ಟೆ:
ಒಂದು ಸಲವೂ ಇಲ್ಲ. ಅಮೆರಿಕ ಬಿಟ್ಟು ಹೊರಗೆ ಕಾಲಿಟ್ಟವರೇ ಅಲ್ಲ. 'ಗ್ರಾಂಡ್ ಹೋಟೆಲ್ ಸೆಮಿರಾಮಿಸ್' ಅಂತ 1950ರ ಒಂದು ಪೆಟ್ಟಿಗೆ ಇದೆ. ಹಳೇ ಹೋಟೆಲ್ ಜಾಹೀರಾತು ಅಂಟಿಸಿದ ಗೋಡೆ, ಮುಂದೆ ಒಂದು ಗಿಳಿ. ಎಲ್ಲಾ ಹೋಟೆಲೂ ಹಳೇ ಗೈಡ್ ಪುಸ್ತಕ, ಜಾಹೀರಾತು, ಸ್ಟಾಂಪುಗಳಿಂದ ಬಂದವು. ಫೋರ್ತ್ ಅವೆನ್ಯೂದ ಹಳೇ ಪುಸ್ತಕದ ಅಂಗಡಿಗಳೇ ಅವರ ಬಂದರು.

ಮನೆಯಲ್ಲಿ ಫೈಲ್ ಇಡುತ್ತಿದ್ದರು. ಒಬ್ಬ ನರ್ತಕಿಗೆ ಒಂದು ಫೈಲ್, ಗೂಬೆಗೆ ಒಂದು, ಗುಳ್ಳೆಗೆ ಒಂದು. ಸಿಕ್ಕಿದ ಚೂರುಪಾರು ಅಲ್ಲಿ ಹೋಗಿ ಸೇರಬೇಕು. ಅಪರೂಪದ ಚಿತ್ರ ಸಿಕ್ಕರೆ ಕತ್ತರಿಸುತ್ತಿರಲಿಲ್ಲ, ಫೋಟೋಸ್ಟಾಟ್ ಮಾಡಿಸುತ್ತಿದ್ದರು. 1942ರ 'ಮೆಡಿಚಿ ಸ್ಲಾಟ್ ಮೆಷಿನ್' ಇದೆಯಲ್ಲ, ಅದರ ನಡುವಿನ ಹುಡುಗ 16ನೇ ಶತಮಾನದ ಇಟಲಿಯ ಚಿತ್ರಗಾರ್ತಿ ಸೊಫೊನಿಸ್ಬಾ ಅಂಗ್ವಿಸ್ಸೋಲಾ ಬರೆದ ಚಿತ್ರದವನು. ಇಟಲಿಯ ಕುಲೀನ ಮನೆತನದ ಮಗುವನ್ನು ತಂದು ನ್ಯೂಯಾರ್ಕ್ ಸಬ್‌ವೇಯ ಚೂಯಿಂಗ್ ಗಮ್ ಮಾರುವ ಯಂತ್ರದಂಥದ್ದರಲ್ಲಿ ಕೂರಿಸಿದರು. ಇವರ ಕೈಚಳಕ ನನಗೆ ಜಾಸ್ತಿ ಇಷ್ಟವಾಗುವುದು ಇಲ್ಲೇ.

ಬಡಗಿಮನೆ:
ಮೋಮಾದಲ್ಲಿ ಇನ್ನೊಂದು ಇದೆ, 1940ರದ್ದು. ತಾಲಿಯೋನಿ ಅನ್ನುವ ನರ್ತಕಿಯ ಒಡವೆ ಪೆಟ್ಟಿಗೆ. ಆಕೆಯ ಬಗ್ಗೆ ಒಂದು ದಂತಕತೆ: 1835ರಲ್ಲಿ ರಷ್ಯಾದಲ್ಲಿ ದರೋಡೆಕಾರ ಗಾಡಿ ತಡೆದು, ಹಿಮದ ಮೇಲೆ ಚಿರತೆ ಚರ್ಮ ಹಾಸಿ ಕುಣಿಸಿದನಂತೆ. ಅದರ ನೆನಪಿಗೆ ಆಕೆ ಒಡವೆ ಪೆಟ್ಟಿಗೆಯಲ್ಲಿ ಮಂಜಿನ ತುಂಡು ಇಡುತ್ತಿದ್ದರಂತೆ. ಕಾರ್ನೆಲ್ ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಗಾಜಿನ ಮಂಜುಗಡ್ಡೆ ಜೋಡಿಸಿ, ಮೇಲೆ ಒಂದು ಹೊಳೆಯುವ ಸರ ಇಟ್ಟರು. ಸರ ವುಲ್‌ವರ್ತ್ ಅಂಗಡಿಯದು. ಅಂದರೆ ನಮ್ಮ ಜಾತ್ರೆ ಸಾಮಾನು ಅನ್ನಿ.

ಸುಮ್ನೆ_ಕೇಳ್ದೆ:
ಜಾತ್ರೆ ಸರ ಇಟ್ಟು ಮೋಮಾ ಸೇರಿದ್ದು. ಒಪ್ಪಿದೆ, ಗಟ್ಟಿಗ.

ಮೈಸೂರ್_ಮೇಷ್ಟ್ರು:
ಹೊಟ್ಟೆಪಾಡಿನ ಲೆಕ್ಕ ಸ್ವಲ್ಪ ಸರಿ ಮಾಡೋಣ. ಸೇಲ್ಸ್‌ಮನ್ ಕೆಲಸ 1931ರಲ್ಲೇ ಹೋಯಿತು, ಆರ್ಥಿಕ ಕುಸಿತದ ಕಾಲ. ಆಮೇಲೆ 1934ರಿಂದ 1940ರವರೆಗೆ ಬಟ್ಟೆ ಡಿಸೈನ್ ಮಾಡುವ ಸ್ಟುಡಿಯೋದಲ್ಲಿದ್ದರು. 1940ರ ಕೊನೆಗೆ ಬಿಟ್ಟು ಪೂರ್ತಿ ಇದಕ್ಕೇ ಇಳಿದರು. ಆದರೂ ಯುದ್ಧದ ಸಮಯದಲ್ಲಿ 1943ರಲ್ಲಿ ಮತ್ತೆ ಕಾರ್ಖಾನೆ ಕೆಲಸ, ಮುಂದಿನ ವರ್ಷ ಒಂದು ಸಸಿ ಮಾರುವ ನರ್ಸರಿಯಲ್ಲಿ ಕೆಲಸ. 40 ವರ್ಷದ ಹೆಸರಾಂತ ಕಲಾವಿದ ಗಿಡ ಸಾಗಿಸುತ್ತಿದ್ದರು. ಅದನ್ನು ಅವರು ಖುಷಿಯಿಂದ ಮಾಡಿದರು ಅನ್ನುವುದು ಅವರ ದಿನಚರಿಯಿಂದಲೇ ಗೊತ್ತಾಗುತ್ತದೆ.

ಅಟ್ಟದ_ಇಲಿ:
ಅವರ ಊಟದ ವಿಷಯ ಓದಿದ್ದೀರಾ? ಬರೀ ಸಿಹಿ! ಕೇಕು, ಡೋನಟ್ಟು, ಪೈ. ಮನೆಗೆ ಹೋದವರಿಗೂ ಅದೇ. ಮೈ ಮಾತ್ರ ಕಡ್ಡಿ.

ಬಸ್ಸಲ್ಲಿ_ಬಸವ:
ಮೈಸೂರ್ ಪಾಕ್ ಸಿಕ್ಕಿದ್ದರೆ ಅದಕ್ಕೂ ಒಂದು ಪೆಟ್ಟಿಗೆ ಮಾಡುತ್ತಿದ್ದರು.

ಬಡಗಿಮನೆ:
ಮಾಡಿದರೂ ಸುಲಭಕ್ಕೆ ಮಾರುತ್ತಿರಲಿಲ್ಲ. ಆಗ ಅರ್ಧಕ್ಕೆ ಬಿಟ್ಟಿದ್ದೆ, ಮಾರಲು ಸುಲಭಕ್ಕೆ ಒಪ್ಪುತ್ತಿರಲಿಲ್ಲ ಅಂತ. ಕೊಳ್ಳುವವರು ಬಾಗಿಲಿಗೆ ಬಂದರೆ ಏನಾದರೂ ನೆಪ ಹೇಳುತ್ತಿದ್ದರು. ನಾನು ಮೇಜು ಮಾರಿದ ಮೇಲೆ ಒಂದು ವಾರ ಅದರ ಯೋಚನೆಯಲ್ಲೇ ಇರುತ್ತೇನೆ, ಹಾಗಾಗಿ ಇದು ಅರ್ಥವಾಗುತ್ತದೆ.

ಗಿರಿಜಾ_ಎಂ:
ನನ್ನ ಪ್ರಕಾರ ಕಾರ್ನೆಲ್‌ನ ಪೆಟ್ಟಿಗೆಗೆ ಸರಿಯಾದ ಉತ್ತರ ಕೊಟ್ಟವರು ಲಾಸ್ ಏಂಜಲೀಸ್‌ನ ಬೆಟಿ ಸಾರ್. 1926ರಲ್ಲಿ ಹುಟ್ಟಿದ ಕಪ್ಪು ಕಲಾವಿದೆ. ಪ್ಯಾಸಡೀನಾದಲ್ಲಿ 1966–67ರಲ್ಲಿ ನಡೆದ ಕಾರ್ನೆಲ್ ಪ್ರದರ್ಶನ ನೋಡಿ, ಅಲ್ಲಿಂದ ಪೆಟ್ಟಿಗೆ ಕೆಲಸಕ್ಕೆ ತಿರುಗಿದರು. ಆದರೆ ಅವರು ಒಳಗೆ ಇಟ್ಟದ್ದು ಹಕ್ಕಿ ಅಲ್ಲ. 1972ರಲ್ಲಿ 'ದಿ ಲಿಬರೇಶನ್ ಆಫ್ ಆಂಟ್ ಜಮೈಮಾ' ಮಾಡಿದರು. ಆಂಟ್ ಜಮೈಮಾ ಅಂದರೆ ದೋಸೆಹಿಟ್ಟಿನ ಥರ ಅಲ್ಲಿ ಪ್ಯಾನ್‌ಕೇಕ್ ಹಿಟ್ಟು ಮಾರುತ್ತಿದ್ದ ಒಂದು ಬ್ರ್ಯಾಂಡು. ಪೊಟ್ಟಣದ ಮೇಲೆ ನಗುವ ಕಪ್ಪು ಕೆಲಸದಾಕೆಯ ಚಿತ್ರ. ಸಾರ್ ಆ ಬೊಂಬೆಯ ಒಂದು ಕೈಗೆ ಪೊರಕೆ, ಇನ್ನೊಂದು ಕೈಗೆ ಬಂದೂಕು ಕೊಟ್ಟು ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಆ ಬ್ರ್ಯಾಂಡಿನ ಹೆಸರು ತೆಗೆಯುತ್ತೇವೆ ಅಂತ ಕಂಪನಿ ಹೇಳಿದ್ದು 2020ರಲ್ಲಿ.

ಗಾಜಿನ ಆಚೆ ಹೆಂಗಸು ಬೊಂಬೆ ಅಂದೆನಲ್ಲ. ಸಾರ್ ಬೊಂಬೆ ತಿರುಗಿ ನೋಡುತ್ತಾಳೆ.

ಕಡಲತಡಿ:
ಇದಕ್ಕೆ ಬೇರೆ ಚರ್ಚೆಯೇ ಶುರು ಮಾಡಿ ಗಿರಿಜಕ್ಕ. ಇಲ್ಲಿ ಮುಳುಗಿ ಹೋಗುತ್ತದೆ.

ಕುಂಚದಕಟ್ಟೆ:
ಕೊನೆಯ ದಿನಗಳ ಬಗ್ಗೆ ಯಾರೂ ಹೇಳಲಿಲ್ಲ. 1967ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ ಆಯಿತು. ಹೆಸರು, ಗೌರವ ಎಲ್ಲ ಬಂತು. ಮನೆಯಲ್ಲಿ ಮಾತ್ರ ಯಾರೂ ಇಲ್ಲ. 1972ರಲ್ಲಿ ಕೂಪರ್ ಯೂನಿಯನ್ ಕಾಲೇಜಿನಲ್ಲಿ ಅವರ ಕೊನೆಯ ದೊಡ್ಡ ಪ್ರದರ್ಶನ. ಅದು ಮಕ್ಕಳಿಗಾಗಿ. ಪೆಟ್ಟಿಗೆಗಳನ್ನು ನೆಲದಿಂದ ಸುಮಾರು ಮೂರು ಅಡಿ ಎತ್ತರಕ್ಕೆ, ಮಕ್ಕಳ ಕಣ್ಣಿಗೆ ಸರಿಯಾಗಿ ತೂಗುಹಾಕಿದ್ದರು. ವೈನ್ ಬದಲು ಬ್ರೌನಿ, ಚೆರ್ರಿ ಕೋಲಾ. ದೊಡ್ಡವರು ಬಗ್ಗಿ ನೋಡಬೇಕಿತ್ತು. ಆ ವರ್ಷವೇ ಡಿಸೆಂಬರ್ 29ಕ್ಕೆ ಮನೆಯಲ್ಲೇ ಹೃದಯ ನಿಂತು ತೀರಿಕೊಂಡರು. 69 ತುಂಬಿ ಐದು ದಿನ ಆಗಿತ್ತು.

ಶಿಕಾಗೋ_ಶಾರದೆ:
ಮೂರು ಅಡಿ! ಇಲ್ಲಿ ನನ್ನ ಮಗಳನ್ನು ಒಂದೊಂದು ಪೆಟ್ಟಿಗೆಗೂ ಎತ್ತಿ ತೋರಿಸಿ ನನ್ನ ಸೊಂಟ ಹೋಯಿತು.

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಇದನ್ನೆಲ್ಲ ಓದಿಸಿದೆ. ಡಾಲಿ ಹತ್ತಿರ ನಕ್ಕರು, ರಾಬರ್ಟ್ ಹತ್ತಿರ ಮಾತಾಡಲಿಲ್ಲ. ಕೊನೆಗೆ "ಆದರೂ ಶೋಕೇಸೇ" ಅಂದರು. ಮಗಳು ಶೂ ಡಬ್ಬಿಯಲ್ಲಿ ಬಟನ್, ಹಳೇ ಸಿಮ್ ಕಾರ್ಡ್, ಅವಳಜ್ಜಿ ಕಳಿಸಿದ ಕುಂಕುಮದ ಭರಣಿ ಜೋಡಿಸುತ್ತಿದ್ದಾಳೆ. ನನ್ನ ಒಂದು ಕಿವಿಯೋಲೆಯೂ ಕಾಣುತ್ತಿಲ್ಲ.

ಹುಬ್ಬಳ್ಳಿ_ಅಕ್ಕ:
ಓಲೆ ಡಬ್ಬಿಯಲ್ಲೇ ಇರತ್ತೆ, ಕೇಳಬೇಡ. ಕೌದಿ ಫೋಟೋ ನಾಳೆ ಹಾಕುತ್ತೇನೆ. ಈಗ ತಂಗಿ ಎದ್ದಿದ್ದಾಳೆ.

ಅಟ್ಟದ_ಇಲಿ:
ಬಡಗಿಮನೆ ಅಣ್ಣ, ವಿಷಯ ಬಿಟ್ಟು ಒಂದು ಪ್ರಶ್ನೆ. ನಮ್ಮಜ್ಜನ ಮರದ ಪೆಟ್ಟಿಗೆ ಅಟ್ಟದ ಮೇಲೆ ಸಿಕ್ಕಿತು. ತಳದಲ್ಲಿ ಸಣ್ಣ ತೂತು, ಹಿಟ್ಟಿನ ಥರ ಪುಡಿ ಉದುರುತ್ತದೆ. ಗೆದ್ದಲಾ?

ಬಡಗಿಮನೆ:
ಗೆದ್ದಲಾದರೆ ಮಣ್ಣು ಇರುತ್ತದೆ. ಹಿಟ್ಟು ಉದುರಿದರೆ ಕುಟ್ಟೆ ಹುಳ. ಪೆಟ್ಟಿಗೆ ಖಾಲಿ ಮಾಡಿ, ಬಿಸಿಲಿಗೆ ಇಡಿ, ಒಂದು ಫೋಟೋ ಹಾಕಿ. ಓವನ್‌ಗೆ ಮಾತ್ರ ಇಡಬೇಡಿ.